ಕಾಂಡ್ಲಾ ನೆಡೋದು ಹೇಗೆ: ಮೊದ್ಲು ನೀರು ನೋಡಿ, ಗಿಡ ಆಮೇಲೆ

ಮಳೆಗಾಲ ಶುರುವಾದ್ರೆ ಸಾಕು, ಕರಾವಳಿ ಉದ್ದಕ್ಕೂ ಕಾಂಡ್ಲಾ, ಅಂದ್ರೆ ಹೊಳೆ ಸಮುದ್ರ ಸೇರೋ ಅಳಿವೆ ಕೆಸರಲ್ಲಿ ಬೆಳೆಯೋ ಮ್ಯಾಂಗ್ರೋವ್ ಮರ, ನೆಡೋ ಕಾರ್ಯಕ್ರಮ ಶುರು. ಬ್ಯಾನರ್ ಕಟ್ಟಿ, ಪ್ಯಾಂಟ್ ಮಡಚ್ಕೊಂಡು ಹೊಳೆಗಿಳಿದು, ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಸಾಲಾಗಿ ಕೋಡು (ಅದರ ಉದ್ದನೆ ಮೊಳಕೆ) ಊರಿ, ಫೋಟೋ ತೆಗ್ದು ಮನೆಗ್ ಬಂದ್ರೆ ಮುಗೀತು. ಮುಂದಿನ ವರ್ಷ ಅದೇ ಜಾಗಕ್ಕೆ ಹೋಗಿ ನೋಡಿದ್ರೆ ಎಷ್ಟೋ ಕಡೆ ಒಂದೂ ಗಿಡ ಇರಲ್ಲ. ಜನ ಬೀಜ ಸರಿ ಇರ್ಲಿಲ್ಲ ಅಂತಾರೆ, ಏಡಿ ತಿಂತು ಅಂತಾರೆ, ಕಸ ಬಂತು ಅಂತಾರೆ, ಅದೆಲ್ಲ ಸ್ವಲ್ಪ ಸ್ವಲ್ಪ ನಿಜಾನೇ, ಆದ್ರೆ ಮುಕ್ಕಾಲು ಪಾಲು ಸಲ ಕಾರಣ ಒಂದೇ: ಜಾಗ ತಪ್ಪು. ಕಾಂಡ್ಲಾಗೆ ನೀರು ಎಷ್ಟೊತ್ತು ಬರ್ಬೇಕು, ಎಷ್ಟೊತ್ತು ಇಳೀಬೇಕು ಅನ್ನೋದ್ರಲ್ಲಿ ಒಂದಡಿ ಆಚೀಚೆ ಆದ್ರೂ ಗಿಡ ಬದುಕಲ್ಲ.

ಇದು ನಮ್ಮಲ್ಲಷ್ಟೇ ಅಲ್ಲ. ಶ್ರೀಲಂಕಾದಲ್ಲಿ 2004ರ ಸುನಾಮಿ ಆದ್ಮೇಲೆ ಸಿಕ್ಕಾಪಟ್ಟೆ ಕಾಂಡ್ಲಾ ನೆಟ್ಟಿದ್ರು. ಅದೆಲ್ಲ ಏನಾಯ್ತು ಅಂತ ಸಂಶೋಧಕರು ಹೋಗಿ ನೋಡಿ 2017ರಲ್ಲಿ ಬರೆದ್ರು. ಸುಮಾರು 1000ದಿಂದ 1200 ಹೆಕ್ಟೇರಲ್ಲಿ ಪ್ರಯತ್ನ ಮಾಡಿದ್ದು, ಉಳಿದಿದ್ದು 200 ಚಿಲ್ಲರೆ ಹೆಕ್ಟೇರ್ ಮಾತ್ರ, 23 ಜಾಗದಲ್ಲಿ 9 ಕಡೆ ಒಂದು ಗಿಡಾನೂ ಇರ್ಲಿಲ್ಲ. ಹಾಗಾಗಿ ಈ ಗೈಡಲ್ಲಿ ನೆಡೋ ಕೆಲಸ ಕೊನೇಲಿ ಬರತ್ತೆ, ಬೇಜಾರ್ ಮಾಡ್ಕೋಬೇಡಿ.

ಮರ ಗುರುತಿಸೋದು

ಕಾಂಡ್ಲಾ ಅಂತ ಎಲ್ಲದಕ್ಕೂ ಹೇಳ್ಬಿಡ್ತೀವಿ, ಆದ್ರೆ ನಮ್ಮ ಅಳಿವೆಗಳಲ್ಲಿ ಹತ್ತಕ್ಕಿಂತ ಜಾಸ್ತಿ ಜಾತಿ ಇದೆ, ಒಂದೊಂದಕ್ಕೂ ಬೇಕಾಗಿರೋ ಜಾಗ ಬೇರೆ. ನಾನು ಇಲ್ಲಿ ಮುಖ್ಯವಾಗಿ ಹೇಳ್ತಿರೋದು ರೈಜೋಫೋರಾ ಮ್ಯೂಕ್ರೊನೇಟಾ ಬಗ್ಗೆ. ಕಾಂಡದಿಂದ ಕಮಾನು ಕಮಾನಾಗಿ ಬೇರು ಇಳಿಬಿಟ್ಕೊಂಡು ಕೆಸರಲ್ಲಿ ನಿಂತಿರತ್ತಲ್ಲ, ಅದೇ. ಎಲೆ ದೊಡ್ಡದು, ದಪ್ಪ, ತುದೀಲಿ ಚುಚ್ಚೋ ತರ ಒಂದು ಸಣ್ಣ ಮೊನೆ, ಎಲೆ ಮಗುಚಿ ನೋಡಿದ್ರೆ ಕೆಳಗಡೆ ಸಣ್ಣ ಸಣ್ಣ ಕಪ್ಪು ಚುಕ್ಕಿ. ಮರದಲ್ಲಿ ನುಗ್ಗೆಕಾಯಿ ತರ ಉದ್ದಕ್ಕೆ ಹಸಿರು ಕೋಡು ನೇತಾಡ್ತಿರತ್ತೆ. ಅದು ಕಾಯಿ ಅಲ್ಲ, ಬೀಜ ಮರದ ಮೇಲೇನೇ ಮೊಳಕೆ ಒಡೆದು ಬೆಳೆದಿರೋ ಸಸಿ. ತಾಯಿ ಮರದಲ್ಲಿದ್ದಾಗ್ಲೇ ಅರ್ಧ ಗಿಡ ಆಗಿರತ್ತೆ, ಕೆಳಗೆ ಬಿದ್ರೆ ಬೇರು ಬಿಡೋದಷ್ಟೇ ಬಾಕಿ.

ಇದರ ತಮ್ಮ ರೈಜೋಫೋರಾ ಎಪಿಕ್ಯುಲೇಟಾ ನೋಡೋಕೆ ಹಾಗೇ ಇರತ್ತೆ, ಆದ್ರೆ ಎಲೆ ಸಣ್ಣ, ಹೂವು ತೊಟ್ಟಿಲ್ದೆ ಎರಡೆರಡೇ ಅಂಟ್ಕೊಂಡಿರತ್ತೆ, ಕೋಡೂ ಗಿಡ್ಡ. ಮ್ಯೂಕ್ರೊನೇಟಾದ ಹೂವು ತೊಟ್ಟಲ್ಲಿ ಗೊಂಚಲಾಗಿ ಇಳಿಬಿದ್ದಿರತ್ತೆ. ಉಪ್ಪಟಿ ಅಂದ್ರೆ ಅವಿಸೆನಿಯಾ, ಅದಕ್ಕೆ ಕಮಾನು ಬೇರಿಲ್ಲ, ಮರದ ಸುತ್ತ ಕೆಸರಿಂದ ಮೊನೆ ಮೊನೆ ಉಸಿರು ಬೇರು ನೆಟ್ಟಗೆ ಎದ್ದಿರತ್ತೆ, ಬೇಸಿಗೇಲಿ ಎಲೆ ನೆಕ್ಕಿ ನೋಡಿದ್ರೆ ಉಪ್ಪು ಗೊತ್ತಾಗತ್ತೆ. ಸೊನರೇಷಿಯಾದ ಉಸಿರು ಬೇರು ಇನ್ನೂ ದಪ್ಪ, ಕಾಯಿ ಬುಡದಲ್ಲಿ ನಕ್ಷತ್ರ ಆಕಾರದ ತೊಟ್ಟು. ಕಾಂಡೇಲಿಯಾಗೂ ಉದ್ದ ಕೋಡು ಬರತ್ತೆ, ಆದ್ರೆ ತೆಳ್ಳಗೆ, ಕಮಾನು ಬೇರೂ ಇರಲ್ಲ, ಸಪ್ಪೆ ನೀರು ಜಾಸ್ತಿ ಇರೋ ಕಡೆ ಹೊಳೆ ದಡದಲ್ಲಿ ಸಿಗತ್ತೆ. ಎಲೆ ಮುರಿದ್ರೆ ಹಾಲು ಬರೋ ಎಕ್ಸೊಕೇರಿಯಾ ಅಂತ ಒಂದಿದೆ, ಅದರ ಹಾಲು ಕಣ್ಣಿಗೆ ತಾಗಿದ್ರೆ ಕಷ್ಟ, ಗೊತ್ತಿಲ್ದೆ ಕೊಂಬೆ ಮುರೀಬೇಡಿ.

ಗುರುತಿಸೋದು ಕಲೀಬೇಕು ಅಂದ್ರೆ ಹೊನ್ನಾವರದ ಕಾಸರಕೋಡಲ್ಲಿ ಶರಾವತಿ ಅಳಿವೇಲಿ ಮರದ ಬೋರ್ಡ್‌ವಾಕ್ ಇದೆ, ಕಾಲಿಗೆ ಕೆಸರು ತಾಗದ ಹಾಗೆ ಕಾಂಡ್ಲಾ ಕಾಡೊಳಗೆ ನಡ್ಕೊಂಡ್ ಹೋಗ್ಬಹುದು. ಸಮುದ್ರದ ನೀರು ಇಳಿದಿರೋ ಇಳಿತದ ಹೊತ್ತಲ್ಲಿ ಹೋಗಿ, ನೀರು ಏರಿರೋ ಭರತ ಇದ್ದಾಗ ಬೇರೆಲ್ಲ ನೀರೊಳಗೆ ಮುಳುಗಿರತ್ತೆ.

ಜಾಗ ನೋಡೋದು, ಇದೇ ಮುಖ್ಯ ಕೆಲಸ

ಮೊದಲ್ನೇ ಪ್ರಶ್ನೆ: ಇಲ್ಲಿ ಮುಂಚೆ ಕಾಂಡ್ಲಾ ಇತ್ತಾ? ಇತ್ತು ಅಂದ್ರೆ ಯಾಕೆ ಹೋಯ್ತು? ಯಾವತ್ತೂ ಇರ್ಲಿಲ್ಲ ಅಂದ್ರೆ ಯಾಕೆ ಇರ್ಲಿಲ್ಲ? ಊರಲ್ಲಿ ಅರವತ್ತು ದಾಟಿದ ಮೀನುಗಾರರನ್ನ ಕೇಳಿ, ಗೂಗಲ್ ಅರ್ಥಲ್ಲಿ ಹಳೇ ಚಿತ್ರ ಹಿಂದಕ್ಕೆ ಸರಿಸಿ ನೋಡಿ. ಹತ್ತಿರದಲ್ಲೇ ದೊಡ್ಡ ಕಾಂಡ್ಲಾ ಮರಗಳಿದ್ದು, ಪ್ರತಿ ವರ್ಷ ಸಾವಿರಾರು ಕೋಡು ತೇಲ್ಕೊಂಡು ಈ ಜಾಗಕ್ಕೆ ಬಂದೂ ಒಂದೂ ಹುಟ್ತಿಲ್ಲ ಅಂದ್ರೆ, ನೀವು ಕೈಯಲ್ಲಿ ಊರಿದ್ರೂ ಅದೇ ಗತಿ. ಈ ಮಾತನ್ನ ಕಾರ್ಯಕ್ರಮದವರಿಗೆ ಹೇಳಿದ್ರೆ ಮುಖ ಸಣ್ಣ ಮಾಡ್ಕೋತಾರೆ, ಆದ್ರೂ ಹೇಳ್ಬೇಕು.

ಖಾಲಿ ಕಾಣ್ತಿದೆ ಅಂತ ಇಳಿತದಲ್ಲಿ ಎದ್ದು ಕಾಣೋ ಕೆಸರು ಬಯಲಿಗೆ ಕೈ ಹಾಕೋದೇ ದೊಡ್ಡ ತಪ್ಪು. ಆ ಬಯಲು ಖಾಲಿ ಅಲ್ಲ. ಬಳಚು ಅನ್ನೋ ಚಿಪ್ಪುಜೀವಿ ಹೆಕ್ಕೋರ ಹೊಟ್ಟೆಪಾಡು ಅಲ್ಲಿದೆ, ದಕ್ಷಿಣಕ್ಕೆ ಹೋದ್ರೆ ಮರುವಾಯಿ ಅಂತಾರೆ, ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಮೇಯೋದೂ ಅಲ್ಲೇ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಬರೀ ಕಾಂಡ್ಲಾ ನೋಡಿ ಅಲ್ಲ, ಬಳಚು, ಮೀನು, ಹಕ್ಕಿ, ಗಜನಿ (ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆ) ಎಲ್ಲ ಸೇರಿ. ಜತೆಗೆ ಆ ಬಯಲು ದಿನದಲ್ಲಿ ಜಾಸ್ತಿ ಹೊತ್ತು ನೀರೊಳಗೇ ಇರತ್ತೆ, ಎಳೇ ರೈಜೋಫೋರಾ ಅಷ್ಟು ಹೊತ್ತು ಮುಳುಗಿದ್ರೆ ಬೇರಿಗೆ ಉಸಿರು ಸಿಗಲ್ಲ. ಕಾಂಡ್ಲಾ ಕೆಸರಲ್ಲಿ ಒಂದೆರಡು ಇಂಚು ಕೆಳಗೆ ಗಾಳೀನೇ ಇರಲ್ಲ, ಕೈ ಹಾಕಿ ಎತ್ತಿದ್ರೆ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಅದಕ್ಕೇ ಆ ಕಮಾನು ಬೇರು, ಅದರ ಮೇಲಿರೋ ಸಣ್ಣ ಸಣ್ಣ ತೂತಿನಿಂದ ಗಾಳಿ ಒಳಗೆ ಹೋಗತ್ತೆ. ಆ ಬೇರು ಬರೋ ತನಕ ಸಸಿಗೆ ಇಳಿತದ ಹೊತ್ತೇ ಆಸರೆ.

ಹಾಗಾದ್ರೆ ಸರಿಯಾದ ಎತ್ತರ ಯಾವುದು? ಮಲಯಾದಲ್ಲಿ ಅರಣ್ಯಾಧಿಕಾರಿಯಾಗಿದ್ದ ವಾಟ್ಸನ್ 1928ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದಾರೆ: ತಿಂಗಳಿಗೆ ಎಷ್ಟು ಭರತ ಆ ನೆಲ ಮುಟ್ಟತ್ತೆ ಅಂತ ಎಣಿಸಿ ಐದು ವರ್ಗ ಮಾಡಿದ್ರು. ತಿಂಗಳಿಗೆ ಒಟ್ಟು ಹತ್ತಿರ ಹತ್ತಿರ 60 ಭರತ ಬರತ್ತೆ, ದಿನಕ್ಕೆ ಎರಡರ ಲೆಕ್ಕ. ಅಷ್ಟೂ ಭರತಕ್ಕೂ ಮುಳುಗೋ ಮೊದಲ್ನೇ ವರ್ಗದಲ್ಲಿ ಸಾಮಾನ್ಯವಾಗಿ ಮರ ನಿಲ್ಲಲ್ಲ, ನಿಂತ್ರೆ ಮ್ಯೂಕ್ರೊನೇಟಾನೇ ಒಂದಿಷ್ಟು ನಿಲ್ಲತ್ತೆ. ಎರಡು ಮೂರನೇ ವರ್ಗ ರೈಜೋಫೋರಾಗೆ ಒಳ್ಳೇದು, ನಾಲ್ಕನೇದು ಅಂದ್ರೆ ಅಮಾಸೆ ಹುಣ್ಣಿಮೆಯ ದೊಡ್ಡ ಭರತಕ್ಕೆ ಮಾತ್ರ ಒದ್ದೆ ಆಗೋ ಜಾಗ, ಅಲ್ಲಿ ಬೇರೆ ಜಾತಿಗಳು. ಗುಜರಾತಿನ ಖಂಭಾತ್ ಕೊಲ್ಲಿ ತರ ಹತ್ತು ಮೀಟರ್ ಏರಿಳಿತ ನಮ್ಮಲ್ಲಿಲ್ಲ, ನಮ್ಮದು ದೊಡ್ಡ ಭರತದಲ್ಲೂ ಒಂದೆರಡು ಮೀಟರ್ ಅಷ್ಟೇ, ಅಂದ್ರೆ ಕಾಂಡ್ಲಾಗೆ ಸರಿಹೋಗೋ ಪಟ್ಟಿ ತುಂಬಾ ಸಣ್ಣದು, ಅರ್ಧ ಅಡಿ ತಪ್ಪಿದ್ರೂ ಲೆಕ್ಕಕ್ಕೆ ಬರತ್ತೆ.

ಇದನ್ನ ಅಳೆಯೋಕೆ ದೊಡ್ಡ ಮೆಷಿನ್ ಏನೂ ಬೇಡ. ಒಂದು ಉದ್ದ ಕೋಲಿಗೆ ಸೆಂಟಿಮೀಟರ್ ಗುರುತು ಮಾಡ್ಕೊಳ್ಳಿ, ಇಬ್ರು ಬೇಕು, ಇಬ್ರ ಹತ್ರಾನೂ ಒಂದೊಂದು ಕೋಲು. ಭರತ ತುಂಬಿ ನೀರು ಏರದೆ ಇಳಿಯದೆ ಸ್ವಲ್ಪ ಹೊತ್ತು ನಿಲ್ಲತ್ತಲ್ಲ, ಆ ಹೊತ್ತಿಗೆ ಒಬ್ರು ಹತ್ತಿರದ ಚೆನ್ನಾಗಿರೋ ಕಾಂಡ್ಲಾ ಮರದ ಬುಡದಲ್ಲಿ, ಇನ್ನೊಬ್ರು ನೀವು ನೆಡ್ಬೇಕು ಅಂದ್ಕೊಂಡಿರೋ ಜಾಗದಲ್ಲಿ ನಿಂತು ಒಂದೇ ಟೈಮಿಗೆ ಕೋಲು ಊರಿ ನೀರಿನ ಆಳ ನೋಡಿ. ಕೋಲು ಕೆಸರೊಳಗೆ ಇಳೀಬಾರ್ದು, ತಳಕ್ಕೆ ಒಂದು ಸಣ್ಣ ಹಲಗೆ ತುಂಡು ಹೊಡ್ಕೊಂಡ್ರೆ ಮೇಲೇ ನಿಲ್ಲತ್ತೆ. ನೀರಿನ ಮೇಲ್ಮೈ ಎರಡೂ ಕಡೆ ಒಂದೇ ಮಟ್ಟ, ಹಾಗಾಗಿ ಆಳದಲ್ಲಿರೋ ವ್ಯತ್ಯಾಸಾನೇ ನೆಲದ ಎತ್ತರದ ವ್ಯತ್ಯಾಸ. ಮರದ ಬುಡದಲ್ಲಿ 40 ಸೆಂಟಿಮೀಟರ್, ನಿಮ್ಮ ಜಾಗದಲ್ಲಿ 45 ಇದ್ರೆ ಖುಷಿಪಡಿ. ಅಲ್ಲಿ 40, ಇಲ್ಲಿ 90 ಅಂದ್ರೆ ಆ ಜಾಗ ಬಿಟ್ಬಿಡಿ, ಎಷ್ಟೇ ಒಳ್ಳೇ ಕೋಡು ತಂದ್ರೂ ಪ್ರಯೋಜನ ಇಲ್ಲ. ಒಂದೇ ಮರ ನೋಡಿ ನಿರ್ಧಾರ ಮಾಡ್ಬೇಡಿ, ಐದಾರು ಮರ, ಅದ್ರಲ್ಲೂ ಕಾಡಿನ ಹೊಳೆ ಕಡೆ ಅಂಚಿನಲ್ಲಿ ತಾನಾಗೇ ಹುಟ್ಟಿರೋ ಎಳೇ ಗಿಡಗಳ ಬುಡ ಅಳೀರಿ. ಅವು ಬದುಕಿರೋ ಕೊನೇ ಗೆರೇನೇ ನಿಮ್ಮ ಕೆಳಗಿನ ಗಡಿ.

ಈ ಅಳತೆ ಬೇಸಿಗೇಲೇ ಮಾಡ್ಬೇಕು, ಮಳೆಗಾಲದಲ್ಲಿ ಹೊಳೆ ತುಂಬಿ ಹರೀತಿರೋವಾಗ ಮಾಡಿದ್ರೆ ಮೇಲಿನ ನೀರು ಸೇರಿ ಮಟ್ಟ ಇಳಿಜಾರಾಗಿರತ್ತೆ, ಲೆಕ್ಕ ಎಲ್ಲ ಹಾಳು. ಭರತದ ಟೈಮ್ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ. ಸರ್ವೇ ಆಫ್ ಇಂಡಿಯಾದ ಟೈಡ್ ಟೇಬಲ್ ಸಿಗತ್ತೆ, ಇಲ್ಲಾಂದ್ರೆ ತಿಥಿ ನೋಡಿ ಹೇಳೋ ದೋಣಿಯವರು ಎಲ್ಲ ಊರಲ್ಲೂ ಇದಾರೆ, ಹೊಳೆ ಒಳಗೆ ಎಷ್ಟು ತಡವಾಗಿ ಬರತ್ತೆ ಅನ್ನೋದು ಟೇಬಲ್ಲಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಎತ್ತರ ಸರಿ ಇದ್ರೂ ಇನ್ನೆರಡು ವಿಷಯ ನೋಡಿ. ಅಲೆ ನೇರವಾಗಿ ಹೊಡೆಯೋ ಕಡೆ, ಬರೀ ಹೊಯ್ಗೆ (ಮರಳು) ಇರೋ ಕಡಲ ದಂಡೇಲಿ ಬೇಡ. ಅಳಿವೆ ಒಳಗೆ, ಕುದ್ರುಗಳ (ಹೊಳೆ ನಡುವಿನ ದ್ವೀಪ) ಅಂಚಲ್ಲಿ, ತೋಡಿನ ಬಾಯಲ್ಲಿ, ಕಾಲಿಟ್ರೆ ಮೀನಖಂಡದ ತನಕ ಹೂತುಹೋಗೋ ಕೆಸರಲ್ಲಿ ಬರತ್ತೆ. ಎರಡನೇದು ಉಪ್ಪು. ನಮ್ಮ ಹೊಳೆಗಳಲ್ಲಿ ಮಳೆಗಾಲಕ್ಕೆ ನೀರು ಪೂರ್ತಿ ಸಪ್ಪೆ, ಏಪ್ರಿಲ್ ಮೇಗೆ ಸಮುದ್ರದಷ್ಟೇ ಉಪ್ಪು, ರೈಜೋಫೋರಾ ಎರಡನ್ನೂ ತಡ್ಕೋತದೆ ಯಾಕಂದ್ರೆ ಬೇರೇ ಉಪ್ಪನ್ನ ಬಹುಪಾಲು ಸೋಸಿ ಹೊರಗಿಡತ್ತೆ. ಆದ್ರೆ ಭರತದ ನೀರು ಒಳಗೆ ಬಂದು ಇಳಿದು ಹೋಗೋಕೆ ದಾರಿ ಇಲ್ದೆ ನಿಂತಲ್ಲೇ ಒಣಗೋ ಜಾಗದಲ್ಲಿ ಉಪ್ಪು ಕಟ್ಕೊಳ್ತಾ ಹೋಗತ್ತೆ, ಅಲ್ಲಿ ಯಾವ ಕಾಂಡ್ಲಾನೂ ಬರಲ್ಲ.

ನೆಡೋದೇ ಬೇಡ ಅನ್ನೋ ಸಂದರ್ಭ

ಬಿಟ್ಟುಹೋದ ಸಿಗಡಿ ಕೆರೆಗಳು, ರಸ್ತೆ ಹಾಕಿ ಮೋರಿ ಮುಚ್ಚಿಹೋದ ಜಾಗಗಳು, ಒಡ್ಡು ಕಟ್ಟಿ ಭರತ ತಡೆದಿರೋ ಕಡೆಗಳು, ಇಲ್ಲೆಲ್ಲ ಕಾಯಿಲೆ ನೀರಿನದ್ದು. ಒಡ್ಡಿನಲ್ಲಿ ಸರಿಯಾದ ಜಾಗ ನೋಡಿ ಒಂದೆರಡು ಬಾಯಿ ಬಿಡಿಸಿದ್ರೆ, ಮುಚ್ಚಿದ ತೋಡು ತೆರೆದ್ರೆ, ಭರತದ ಜತೆ ಕೋಡುಗಳೂ ಬರತ್ತೆ, ಉಪ್ಪಟಿ ಬೀಜಾನೂ ಬರತ್ತೆ, ಎರಡು ಮೂರು ವರ್ಷದಲ್ಲಿ ತಾನಾಗೇ ನಾಲ್ಕೈದು ಜಾತಿ ಹುಟ್ಕೊಳ್ಳತ್ತೆ. ಫ್ಲೋರಿಡಾದ ರಾಯ್ ಲೂಯಿಸ್ ಅನ್ನೋ ಪರಿಸರ ವಿಜ್ಞಾನಿ ಜೀವನ ಪೂರ್ತಿ ಇದನ್ನೇ ಹೇಳಿದ್ದು, ನೀರಿನ ಹರಿವು ಸರಿ ಮಾಡಿ, ಬೀಜ ಬರಲ್ಲ ಅಂತ ಗೊತ್ತಾದ್ರೆ ಮಾತ್ರ ನೆಡಿ ಅಂತ. ಕೈಯಲ್ಲಿ ನೆಟ್ಟ ಒಂದೇ ಜಾತಿಯ ಸಾಲಿಗಿಂತ ಹೀಗೆ ಬಂದ ಕಾಡು ನನ್ನ ಪ್ರಕಾರ ಎಷ್ಟೋ ಮೇಲು. ಆದ್ರೆ ಗಜನಿ ಒಡ್ಡಿಗೆ ಮಾತ್ರ ನಿಮ್ಮಷ್ಟಕ್ಕೆ ಕೈ ಹಾಕ್ಬೇಡಿ, ಒಳಗಡೆ ಕಗ್ಗ ಭತ್ತ ಬೆಳೆಯೋರು, ಮೀನು ಹಿಡಿಯೋರು ಇದಾರೆ, ಒಂದು ಬಾಯಿ ತೆರೆದ್ರೆ ಹತ್ತು ಮನೆ ಗದ್ದೆಗೆ ಉಪ್ಪು ನೀರು ನುಗ್ಗತ್ತೆ.

ಯಾರನ್ನ ಕೇಳ್ಬೇಕು

ಹೊಳೆ ದಡ ಸಾಮಾನ್ಯವಾಗಿ ಸರ್ಕಾರಿ ಜಾಗ, ಕಾಂಡ್ಲಾ ಇರೋ ಪ್ರದೇಶ ಕರಾವಳಿ ನಿಯಂತ್ರಣ ವಲಯದ 1ಎ, ಅಂದ್ರೆ ಪರಿಸರ ಸೂಕ್ಷ್ಮ ವರ್ಗಕ್ಕೆ ಬರತ್ತೆ, ಹಾಗಾಗಿ ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ ಮಾತಾಡಿ. ಅವರ ಹತ್ರಾನೇ ಎಷ್ಟೋ ಸಲ ಕೋಡು, ಸಸಿ ಇರತ್ತೆ. 2023ರಲ್ಲಿ ಶುರುವಾದ ಕೇಂದ್ರದ ಮಿಷ್ಟಿ ಯೋಜನೆನೂ ಕಾಂಡ್ಲಾಗೇ ಇರೋದು, ನಿಮ್ಮ ಜಾಗ ಅದ್ರಲ್ಲಿ ಬರತ್ತಾ ಕೇಳಿ ನೋಡಿ. ಅದಕ್ಕಿಂತ ಮುಂಚೆ ದೋಣಿ ಎಲ್ಲಿ ಕಟ್ತಾರೆ, ಬಲೆ ಎಲ್ಲಿ ಬಿಡ್ತಾರೆ, ಬಳಚು ಎಲ್ಲಿ ಹೆಕ್ತಾರೆ ಅಂತ ಅಲ್ಲಿನ ಹೆಂಗಸರನ್ನ, ಮೀನುಗಾರರನ್ನ ಕೇಳಿ. ದೋಣಿ ದಾರೀಲಿ ನೆಟ್ಟ ಗಿಡ ಒಂದು ತಿಂಗಳೂ ಉಳಿಯಲ್ಲ, ಉಳೀಬೇಕು ಅಂತ ಕೇಳೋಕೂ ನಮಗೆ ಮುಖ ಇರಲ್ಲ.

ಕೋಡು ಆರಿಸೋದು

ನಮ್ಮ ಕಡೆ ರೈಜೋಫೋರಾ ಕೋಡು ಹಣ್ಣಾಗೋದು ಮಳೆಗಾಲದಲ್ಲಿ. ಮರದಿಂದ ಹಸಿ ಕೋಡು ಕಿತ್ಕೊಂಡ್ ಬರೋರನ್ನ ನೋಡ್ತಿರ್ತೀನಿ, ಅದು ಬೇರು ಬಿಡಲ್ಲ. ಮಾಗಿದ್ದು ಹೇಗೆ ಗೊತ್ತಾಗತ್ತೆ ಅಂದ್ರೆ, ಮೇಲಿರೋ ಕಂದು ಕಾಯಿಗೂ ಕೆಳಗಿನ ಹಸಿರು ಕೋಡಿಗೂ ಮಧ್ಯ ಒಂದು ಕುತ್ತಿಗೆ ಪಟ್ಟಿ ಬರತ್ತೆ. ಮ್ಯೂಕ್ರೊನೇಟಾದಲ್ಲಿ ಅದು ಹಳದಿ, ಎಪಿಕ್ಯುಲೇಟಾದಲ್ಲಿ ಕೆಂಪು ಛಾಯೆ. ಆ ಪಟ್ಟಿ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಕಾಣ್ತಿದ್ರೆ, ಕೊಂಬೆ ಮೆಲ್ಲಗೆ ಅಲ್ಲಾಡಿಸಿದ್ರೆ ತಾನಾಗೇ ಕೈಗೆ ಬರತ್ತೆ. ಎಳೀಬೇಕಾಯ್ತು ಅಂದ್ರೆ ಇನ್ನೂ ಆಗಿಲ್ಲ, ಬಿಟ್ಬಿಡಿ. ಟೋಪಿ ತರ ಇರೋ ಕಾಯಿ ಅಂಟ್ಕೊಂಡೇ ಬಂದ್ರೆ ಅದನ್ನ ಕೀಳೋಕೆ ಹೋಗ್ಬೇಡಿ, ಒಳಗಿರೋ ಎಳೇ ಚಿಗುರು ಮುರಿದ್ರೆ ಕೋಡು ಕಡ್ಡಿ ಆಗೋಯ್ತು ಅಂತ್ಲೇ ಲೆಕ್ಕ, ಒಂದೆರಡು ದಿನಕ್ಕೆ ಅದೇ ಉದುರತ್ತೆ.

ನೆಲಕ್ಕೆ ಬಿದ್ದಿರೋದನ್ನ ಹೆಕ್ಕಬಹುದು, ಆದ್ರೆ ಒಂದೊಂದನ್ನೂ ತಿರುಗಿಸಿ ನೋಡಿ: ಸೂಜಿ ಚುಚ್ಚಿದಂಥ ತೂತಿದ್ರೆ ಒಳಗೆ ಹುಳ ಇದೆ, ಏಡಿ ಕೆರೆದ ಗುರುತಿದ್ರೆ, ಸುಕ್ಕಾಗಿದ್ರೆ, ಮೇಲಿನ ಚಿಗುರು ಕಪ್ಪಾಗಿದ್ರೆ ಬೇಡ. ಮ್ಯೂಕ್ರೊನೇಟಾದ ಒಳ್ಳೇ ಕೋಡು ಒಂದೂವರೆ ಅಡಿ ಆಸುಪಾಸು ಇರತ್ತೆ. ಒಂದೇ ಮರದಿಂದ ಎಲ್ಲಾ ತರ್ಬೇಡಿ, ಹತ್ತಾರು ಮರದಿಂದ ಸ್ವಲ್ಪ ಸ್ವಲ್ಪ ತನ್ನಿ, ಅದೂ ನೆಡೋ ಹೊಳೇದೇ ಆದ್ರೆ ಉತ್ತಮ. ತಂದಿದ್ದನ್ನ ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿ ಮಲಗಿಸಿಡಿ. ಒಂದು ವಾರ ಹಾಗೆ ಇಟ್ಟು ನೆಟ್ರೆ ಏಡಿ ಕಾಟ ಕಮ್ಮಿ ಅಂತ ನರ್ಸರಿಯವರು ಹೇಳ್ತಾರೆ, ಹೊಸ ಕೋಡಲ್ಲಿ ಸಿಹಿ ಜಾಸ್ತಿ ಇರೋದ್ರಿಂದ ಏಡಿಗೆ ಅದು ಇಷ್ಟ. ಬಿಸಿಲಿಗೆ ಮಾತ್ರ ಇಡ್ಬೇಡಿ.

ನರ್ಸರಿ ಬೇಕಾ?

ರೈಜೋಫೋರಾಗೆ ಹೆಚ್ಚಿನ ಕಡೆ ಬೇಕಿಲ್ಲ, ನೇರವಾಗಿ ಊರಿದ್ರೆ ಸಾಕು. ಏಡಿ ವಿಪರೀತ ಇದ್ರೆ, ಇಲ್ಲಾ ಮಳೆಗಾಲ ಮುಗಿದ್ಮೇಲೆ ನೆಡ್ಬೇಕು ಅಂದ್ರೆ 6 ಇಂಚು 9 ಇಂಚಿನ ಪ್ಲಾಸ್ಟಿಕ್ ತೊಟ್ಟೆಗೆ ತೂತು ಮಾಡಿ, ಅದೇ ಹೊಳೆಯ ಕೆಸರು ತುಂಬಿ ಒಂದೊಂದು ಕೋಡು ಊರಿ, ಭರತದ ನೀರು ಬುಡ ಮುಟ್ಟಿ ಹೋಗೋ ಜಾಗದಲ್ಲಿ ಸಾಲಾಗಿ ಇಡಿ. ಮೊದ್ಲು ನೆರಳು, ಸಾಗಿಸೋಕೆ ಒಂದು ತಿಂಗಳಿದೆ ಅನ್ನೋವಾಗ ನೆರಳು ತೆಗೀರಿ. ನಾಲ್ಕಾರು ಎಲೆ ಬಂದ್ಮೇಲೆ ನೆಡಿ, ತೊಟ್ಟೆ ಹರಿದು ಮನೆಗೆ ವಾಪಸ್ ತನ್ನಿ, ಅಲ್ಲೇ ಬಿಟ್ಟು ಬರೋದು ಎಷ್ಟು ಕಡೆ ನೋಡಿದೀನಿ ಅಂದ್ರೆ ಸಿಟ್ಟು ಬರತ್ತೆ. ಉಪ್ಪಟಿ ಆದ್ರೆ ನರ್ಸರೀನೇ ಸರಿ, ಬೀಜ ಒಂದು ದಿನ ನೀರಲ್ಲಿ ನೆನೆಸಿದ್ರೆ ಸಿಪ್ಪೆ ಬಿಡತ್ತೆ, ಆಮೇಲೆ ಕೆಸರಿನ ಮೇಲೆ ಮೆಲ್ಲಗೆ ಒತ್ತಿ, ಹೂಳ್ಬೇಡಿ.

ನೆಡೋ ದಿನ

ಅಮಾಸೆ ಅಥವಾ ಹುಣ್ಣಿಮೆಯ ದೊಡ್ಡ ಭರತ ಕಳೆದು ನೀರಿನ ಜೋರು ಇಳೀತಾ ಬರೋ ದಿನ ಆರಿಸ್ಕೊಳ್ಳಿ. ಅಷ್ಟಮಿ ಹೊತ್ತಿಗೆ ಭರತ ಸಣ್ಣದಾಗತ್ತೆ, ಮೇಲಿನ ಪಟ್ಟಿಗೆ ನೀರು ಅಷ್ಟಾಗಿ ಬರಲ್ಲ, ಮುಂದಿನ ದೊಡ್ಡ ಭರತ ಬರೋದ್ರೊಳಗೆ ಬೇರು ಸ್ವಲ್ಪನಾದ್ರೂ ಹಿಡ್ಕೊಂಡಿರತ್ತೆ. ಹೊಳೇಲಿ ನೆರೆ ಇರೋ ವಾರ ಬೇಡವೇ ಬೇಡ. ನೀರು ಇಳೀತಿರೋವಾಗ್ಲೇ ಇಳಿದು, ತಿರುಗಿ ಏರೋಕೆ ಶುರುವಾದ ಕೂಡ್ಲೇ ಹತ್ತಿಬಿಡಿ. ಬರಿಗಾಲಲ್ಲಿ ಹೋಗ್ಬೇಡಿ, ಸಿಂಪಿ ಚಿಪ್ಪು ಬ್ಲೇಡಿಗಿಂತ ಕಡೆ. ಚಪ್ಪಲಿ ಕೆಸರಲ್ಲಿ ಉಳಿಯತ್ತೆ, ಹಳೇ ಬಿಗಿ ಕ್ಯಾನ್ವಾಸ್ ಶೂ ಸರಿ.

ಊರೋವಾಗ ಚೂಪಾದ ದಪ್ಪ ತುದಿ ಕೆಳಗೆ, ಸಣ್ಣ ಮೊಗ್ಗಿರೋ ತುದಿ ಮೇಲೆ. ನಗ್ಬೇಡಿ, ತಲೆಕೆಳಗು ಊರೋದು ದೊಡ್ಡ ಗುಂಪಲ್ಲಿ ಆಗೇ ಆಗತ್ತೆ, ಒಬ್ರು ಹಿಂದಿಂದ ನೋಡ್ಕೊಂಡ್ ಬರ್ಬೇಕು. ಕೋಡಿನ ಮೂರರಲ್ಲಿ ಒಂದು ಪಾಲು ಮಾತ್ರ ಒಳಗೆ, ಅರ್ಧಕ್ಕಿಂತ ಜಾಸ್ತಿ ಹೂತ್ರೆ ಕೊಳೆಯತ್ತೆ, ಮೇಲೇ ಇದ್ರೆ ಭರತಕ್ಕೆ ಎದ್ದು ತೇಲತ್ತೆ. ನೆಟ್ಟಗೆ ಊರಿ, ಬುಡ ಬೆರಳಲ್ಲಿ ಒತ್ತಿ, ತುದಿ ಹಿಡಿದು ಮೆಲ್ಲಗೆ ಎಳೆದ್ರೆ ಅಲ್ಲಾಡ್ಬಾರ್ದು. ಗಟ್ಟಿ ನೆಲ ಆದ್ರೆ ಕೋಲಲ್ಲಿ ಮೊದ್ಲು ತೂತು ಮಾಡ್ಕೊಳ್ಳಿ, ಗುದ್ದಿ ಇಳಿಸಿದ್ರೆ ತುದಿ ಜಜ್ಜತ್ತೆ. ಅಂತರ ಒಂದರಿಂದ ಎರಡು ಮೀಟರ್, ದಾರ ಹಿಡಿದು ಸಾಲು ಮಾಡೋದೇನೂ ಬೇಡ, ನೀರು ಹರಿಯೋ ಸಣ್ಣ ಸಣ್ಣ ಕಾಲುವೆಗಳನ್ನ ಮಾತ್ರ ಖಾಲಿ ಬಿಡಿ. ಗೂಟ ಕಟ್ಬೇಡಿ. ಗೂಟಕ್ಕೆ ಪ್ಲಾಸ್ಟಿಕ್ಕು, ಪಾಚಿ, ಬಲೆ ತುಂಡು ಎಲ್ಲ ಸಿಕ್ಕಾಕ್ಕೊಂಡು ಗಿಡಾನೇ ಬಗ್ಗಿಸತ್ತೆ, ಗೂಟ ಇಲ್ದೆ ನಿಲ್ಲಲ್ಲ ಅನ್ನಿಸೋ ಜಾಗ ಅಂದ್ರೆ ಅಲ್ಲಿ ಅಲೆ ಜಾಸ್ತಿ, ತಿರುಗಿ ಮೇಲಿನ ಅಳತೆ ಭಾಗ ಓದಿ.

ಆಮೇಲೆ

ಎರಡು ಜೋಡಿ ಎಲೆ ಬರೋ ತನಕ ವಾರಕ್ಕೊಂದು ಸಲ ಹೋಗಿ ಕಸ ಬಿಡಿಸಿ, ಎದ್ದಿರೋದನ್ನ ಮತ್ತೆ ಊರಿ. ಆಮೇಲೆ ದೊಡ್ಡ ಭರತ ಕಳೆದ ಮರುದಿನ ಹೋದ್ರೆ ಸಾಕು, ಕಸ ಬರೋದು ಆಗ್ಲೇ. ದನ, ಎಮ್ಮೆ, ಆಡು ಬರೋ ಕಡೆ ಬೇಲಿ ಬೇಕು, ಉಪ್ಪಟಿ ಎಲೆ ಅವಕ್ಕೆ ಬಹಳ ಇಷ್ಟ. ಏಡಿ ಕೊಲ್ಲೋಕೆ ಔಷಧಿ ಹಾಕೋ ಮಹಾನುಭಾವರೂ ಇದಾರೆ, ದಯವಿಟ್ಟು ಬೇಡ, ಏಡಿ ತೋಡೋ ಬಿಲದಿಂದಾನೇ ಕೆಸರೊಳಗೆ ಗಾಳಿ ಹೋಗೋದು.

ಕಾಂಡಕ್ಕೆ ಸುಣ್ಣದ ಗುಳ್ಳೆ ತರದ ಬಾರ್ನಕಲ್ ದಪ್ಪಗೆ ಮೆತ್ಕೊಳ್ತಿದ್ರೆ ಗಿಡ ಜಾಸ್ತಿ ಹೊತ್ತು ನೀರಲ್ಲಿದೆ ಅಂತ ಅರ್ಥ, ಕೆರೆದು ತೆಗೆದ್ರೆ ಸಿಪ್ಪೆ ಕಿತ್ತು ಬರತ್ತೆ, ಅದರ ಬದ್ಲು ಮುಂದಿನ ಸಲ ಆ ಸಾಲಿಗಿಂತ ಮೇಲೆ ನೆಡಿ. ಎಲೆ ಹಳದಿ ಆಗಿ ಬುಡದ ಕೆಸರು ಬಿರುಕು ಬಿಡ್ತಿದ್ರೆ ಉಲ್ಟಾ, ಜಾಗ ಎತ್ತರ ಆಯ್ತು, ನೀರು ಬರ್ತಿಲ್ಲ.

ಲೆಕ್ಕ ಇಡಿ. ಮೂರು ತಿಂಗಳಿಗೆ, ವರ್ಷಕ್ಕೆ, ಮೂರು ವರ್ಷಕ್ಕೆ ಎಷ್ಟು ಉಳೀತು ಅಂತ ಬರೀರಿ, ಎಲ್ಲಾ ಗಿಡ ಎಣಿಸೋಕೆ ಆಗ್ದಿದ್ರೆ 10 ಮೀಟರ್ ಚೌಕದ ಕೆಲವು ಜಾಗ ಗುರುತು ಮಾಡಿ ಅಷ್ಟನ್ನೇ ಎಣಿಸಿ, ಒಂದೇ ಕಡೆಯಿಂದ ಫೋಟೋ ತೆಗೀರಿ. ಕಮಾನು ಬೇರು ಇಳಿಯೋಕೆ ಶುರುವಾದ್ರೆ ಆ ಗಿಡದ ಚಿಂತೆ ಬಿಡಬಹುದು. ನೀವು ನೆಡದೇ ಇರೋ ಉಪ್ಪಟಿ, ಹೊಳೆಚುಳ್ಳಿ ಅನ್ನೋ ಮುಳ್ಳೆಲೆ ಗಿಡ ಮಧ್ಯೆ ಮಧ್ಯೆ ಎದ್ರೆ ಕಳೆ ಅಂತ ಕೀಳ್ಬೇಡಿ, ಜಾಗ ಸರಿಹೋಗ್ತಿದೆ ಅಂತ ಅದು. ಸತ್ತಿರೋ ಕಡೆ ಮುಂದಿನ ಮಳೆಗಾಲಕ್ಕೆ ಒಂದು ಸಲ ಮಾತ್ರ ತುಂಬಿಸಿ, ಅಲ್ಲೇ ಮತ್ತೆ ಸತ್ರೆ ಕೋಲು ತಗೊಂಡು ಹೋಗಿ ಆಳ ಅಳೀರಿ, ಮೂರನೇ ಸಲ ಕೋಡು ತಗೊಂಡ್ ಹೋಗ್ಬೇಡಿ.